ಬೆನ್ನು ಕಾಣದ ಕೋಟು

ಟೈಲರಮ್ಮನವರಿಗೆ ಅಳತೆಯನ್ನು ಕೂಗಿ ಹೇಳುವ ಅಭ್ಯಾಸವಿತ್ತು. ಗಿರಾಕಿಯ ಮೈಮೇಲೆ ಟೇಪು ಇಟ್ಟ ಕೂಡಲೇ ಅಂಕಿ ಬಾಯಿಂದ ಹೊರಬೀಳುತ್ತಿತ್ತು. ಅಂಗಡಿಯ ಒಳಮೂಲೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತ ಕೂತ ನಾದಿನಿ ಅದನ್ನು ಸ್ಲೇಟಿನ ಮೇಲೆ ಬರೆದುಕೊಳ್ಳುತ್ತಿದ್ದರು. ಇಬ್ಬರ ನಡುವೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ತಲೆಯ ಮೇಲೆ ಗಡಗಡ ಎನ್ನುವ ಒಂದು ಫ್ಯಾನು. ಫ್ಯಾನಿನ ಸದ್ದನ್ನು ದಾಟಿ ಕೇಳಬೇಕೆಂದರೆ ಕೂಗಲೇಬೇಕು. ಹೀಗಾಗಿ ನಮ್ಮ ಬೀದಿಯಲ್ಲಿ ಯಾರ ಸೊಂಟ ಎಷ್ಟು ಎಂಬುದು ಗುಟ್ಟಾಗಿ ಉಳಿದಿರಲಿಲ್ಲ. ನಾನು ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಎದುರು ಮನೆಯ ಬ್ಯಾಂಕಿನವರನ್ನು ನಾನು ಒಂದು ದಿನವೂ ಮಾತಾಡಿಸಿದವನಲ್ಲ. ಆದರೂ ಅವರ ಹೊಟ್ಟೆ ವರ್ಷಕ್ಕೊಂದು ಇಂಚು ಮುಂದೆ ಬರುತ್ತಿರುವುದು ನನಗೆ ತಿಳಿದಿತ್ತು.

ಟೈಲರಮ್ಮನವರಿಗೆ ಇನ್ನೊಂದು ನಿಯಮವಿತ್ತು. ಗುಂಡಿ ಇಲ್ಲದ ಬಟ್ಟೆ ತಮ್ಮ ಅಂಗಡಿಯ ಹೊಸ್ತಿಲು ದಾಟಬಾರದು. ಜಿಪ್ಪು ಹಾಕಿಸಲು ಬಂದವರ ಪ್ಯಾಂಟಿನ ಗುಂಡಿಯನ್ನೂ ಎಳೆದು ನೋಡುತ್ತಿದ್ದರು, ಸಡಿಲವಿದ್ದರೆ ಕೇಳದೆಯೇ ಬಿಗಿ ಮಾಡುತ್ತಿದ್ದರು. ಒಮ್ಮೆ ನಾನು ಆಫೀಸಿಗೆ ಹೊರಟವನು ಮೆಟ್ಟಿಲ ಬುಡದಲ್ಲಿ ಸಿಕ್ಕಿಬಿದ್ದು, ಅಂಗಿ ಮೈಮೇಲಿರುವಾಗಲೇ ಹೊಲಿಸಿಕೊಂಡೆ. "ಉಸಿರು ಬಿಗಿ ಹಿಡೀರಿ, ಸೂಜಿ ಒಳಗೆ ಹೋಗ್ತಾ ಇದೆ" ಎಂದಿದ್ದರು. ಆ ಗುಂಡಿ ಇವತ್ತಿಗೂ ಇದೆ. ಅಂಗಿ ಹರಿದು ಹೋಗಿದೆ.

ಇಷ್ಟು ಜನರ ಅಳತೆ ಬಲ್ಲ ಅವರಿಗೆ ಸ್ವಂತ ಮಗಳ ಅಳತೆ ಮಾತ್ರ ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಮಗಳು ಟೇಪನ್ನು ಹತ್ತಿರ ಬಿಟ್ಟಿರಲಿಲ್ಲ.

ಆದದ್ದು ಇಷ್ಟೇ. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ, ಶಾಲೆ ಶುರುವಾಗುವ ದಿನಗಳಲ್ಲಿ, ಅಂಗಡಿ ತುಂಬ ಸಮವಸ್ತ್ರಕ್ಕೆ ಬಂದ ಜನ. ಅವರಲ್ಲಿ ಅವಳ ತರಗತಿಯ ಮೂವರು ಹುಡುಗರೂ ಇದ್ದರು. ಟೈಲರಮ್ಮ ಎಲ್ಲರಿಗೂ ಮಾಡಿದಂತೆಯೇ ಮಗಳಿಗೂ ಎದೆಯ ಸುತ್ತ ಟೇಪು ಹಾಕಿ ಅಂಕಿ ಕೂಗಿದರು. ಫ್ಯಾನಿನ ಸದ್ದಿನಲ್ಲಿ ನಾದಿನಿಗೆ ಕೇಳಿಸಲಿಲ್ಲ. "ಎಷ್ಟು?" ಎಂದರು. ಟೈಲರಮ್ಮ ಇನ್ನೊಮ್ಮೆ, ಬಿಡಿಸಿ ಬಿಡಿಸಿ ಕೂಗಿದರು. ಆ ವರ್ಷವೆಲ್ಲ ಶಾಲೆಯಲ್ಲಿ ಆ ಅಂಕಿಯೇ ಮಗಳ ಹೆಸರಾಯಿತು.

ಮಗಳು ಇದನ್ನು ತನ್ನ ಅತ್ತೆಗೆ ಮಾತ್ರ ಹೇಳಿದ್ದಳು. ಆ ಅತ್ತೆ, ಅಂದರೆ ಟೈಲರಮ್ಮನವರ ನಾದಿನಿ, ಯಾವಾಗಲೋ ನನಗೆ ಹೇಳಿದರು. ಟೈಲರಮ್ಮನವರಿಗೆ ಯಾರೂ ಹೇಳಿರಲಿಲ್ಲ. "ಹೇಳಿದ್ರೆ ಅತ್ತಿಗೆ ಕತ್ತರಿ ಹಿಡ್ಕೊಂಡು ಆ ಹುಡುಗರ ಮನೆಗೆ ಹೋಗೋರು. ಅವರ ಪ್ಯಾಂಟು ಇನ್ನೂ ಕೊಟ್ಟಿರ್ಲಿಲ್ಲ" ಎಂದು ನಾದಿನಿ ಕಾರಣ ಕೊಟ್ಟರು.

ತಾಯಿಗೆ ಮಗಳು ಹೇಳಿದ್ದು ಒಂದೇ ಮಾತು. "ಇನ್ಮೇಲೆ ನಂಗೆ ರೆಡಿಮೇಡು." ಅಂದಿನಿಂದ ಅವಳು ತನಗಿಂತ ಎರಡು ಪಟ್ಟು ದೊಡ್ಡದಾದ ಅಂಗಿಗಳನ್ನೇ ಕೊಂಡು ತೊಟ್ಟಳು. ಗಿರಾಕಿಗಳು ಸುಮ್ಮನಿರುತ್ತಾರೆಯೇ? "ಏನು ಟೈಲರಮ್ಮ, ದೀಪದ ಬುಡದಲ್ಲೇ ಕತ್ತಲು?" ಎನ್ನುತ್ತಿದ್ದರು. "ಹೋಟ್ಲಿನವನ ಮಕ್ಕಳು ಹೋಟ್ಲಲ್ಲಿ ಉಣ್ಣಲ್ಲ, ಹಂಗೆ" ಎಂದು ಇವರು ಯಂತ್ರ ತುಳಿಯುತ್ತಿದ್ದರು. ಆದರೆ ಒಗೆದ ಬಟ್ಟೆ ಮಡಚುವಾಗ ಮಗಳ ಅಂಗಿಯ ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆ ನೋಡಿ, ನಾಲಿಗೆ ಲೊಚಗುಟ್ಟುತ್ತಿದ್ದರು. ಮಗಳು ಕಾಲೇಜಿಗೆ ಹೋದಾಗ ಅಂಚನ್ನು ಬಿಚ್ಚಿ ಮತ್ತೆ ಹೊಲಿದು ಅಲ್ಲೇ ಇಡುತ್ತಿದ್ದರು. ರೆಡಿಮೇಡು ಬಟ್ಟೆ ಬಹಳ ಬಾಳಿಕೆ ಬರುತ್ತದೆ ಎಂದು ಮಗಳು ಗೆಳತಿಯರಿಗೆ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಮಗಳು ಸುದ್ದಿ ಹೇಳಿದಳು.

"ಅಮ್ಮ, ಒಂದು ಕೋಟು ತರಿಸ್ತಾ ಇದೀನಿ. ಹೇಳ್ಬೇಕಲ್ಲ ಅಂತ ಹೇಳ್ದೆ."

"ಎಲ್ಲಿಂದ?"

"ಆನ್‌ಲೈನಲ್ಲಿ."

ನಾದಿನಿ ಅನ್ನ ಕಲಸುವುದನ್ನು ನಿಲ್ಲಿಸಿದರು. "ಕೋಟು ಯಾಕೆ? ಮೊದಲನೇ ವರ್ಷಕ್ಕೇ ಲಾಯರ್ ಮಾಡ್ಬಿಟ್ರಾ ನಿನ್ನ?"

"ಅತ್ತೆ, ಅದು ಕಥೆಯಲ್ಲಿರೋ ಹುಡುಗನ ಕೋಟು. ಮಾಂಗಾ. ಹೊಸ ಸರಣಿ, ಈಗ ತಾನೇ ಮೊದಲನೇ ಭಾಗ ಬಂದಿದೆ. ಎರಡನೇ ಭಾಗ ಬರೋ ದಿನ ಪುಸ್ತಕದಂಗಡೀಲಿ ಓದೋರೆಲ್ಲ ಸೇರ್ತೀವಿ. ಅವನ ಥರ ಡ್ರೆಸ್ ಮಾಡ್ಕೊಂಡು ಹೋಗ್ಬೇಕು."

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಬಣ್ಣವಿಲ್ಲ, ಕಪ್ಪು ಬಿಳುಪು. ಒಂದು ಕಥೆ ಹತ್ತಿಪ್ಪತ್ತು ಭಾಗಗಳವರೆಗೂ ನಡೆಯುತ್ತದೆ. ಈ ಸರಣಿಯ ಹೆಸರು ರೈಲಿನಷ್ಟು ಉದ್ದವಿದ್ದುದರಿಂದ ಎಲ್ಲರೂ ಅದನ್ನು 'ಸೇತುವೆ' ಎಂದು ಕರೆಯುತ್ತಿದ್ದರು.

"ನಾನು ಹೊಲಿದು ಕೊಟ್ರೆ?" ಎಂದರು ಟೈಲರಮ್ಮ, ಮಗಳ ಮುಖ ನೋಡದೆ, ನೀರಿನ ಲೋಟ ನೋಡುತ್ತ.

"ನೀನು ಅಳತೆ ಕೇಳ್ತೀಯ."

"ಅಳತೆ ಇಲ್ದೆ ಹೊಲಿಯಕ್ಕೆ ಅದೇನು ದಿಂಬಿನ ಕವರಾ?"

"ಅದಕ್ಕೇ ಆನ್‌ಲೈನು."

ಟೈಲರಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಆಯ್ತು, ಆ ಪುಸ್ತಕನಾದ್ರೂ ತೋರ್ಸು. ಎಂಥ ಕೋಟು ಅಂತ ನೋಡ್ತೀನಿ."

"ಕೈ ತೊಳ್ಕೊಂಡು ಬಾ."

ಅವರು ಕೈ ತೊಳೆದು ಬಂದರು. ಮಗಳು ಬೆರಳು ಬೆರಳನ್ನೂ ಪರೀಕ್ಷೆ ಮಾಡಿದಳು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ, ಹೆಬ್ಬೆರಳಿನ ಗೆರೆಗಳಲ್ಲಿ ಯಂತ್ರದ ಎಣ್ಣೆ. ಅದು ಮೂವತ್ತು ವರ್ಷದ ಎಣ್ಣೆ, ಒಂದು ತೊಳೆತಕ್ಕೆ ಹೋಗುವಂಥದ್ದಲ್ಲ.

"ಬೇಡಮ್ಮ. ಕಲೆ ಆಗುತ್ತೆ."

"ಮುಟ್ಟಲ್ಲ ಕಣೇ. ಬರೀ ಕಣ್ಣಲ್ಲಿ ನೋಡ್ತೀನಿ."

"ನೀನು ಯಾವತ್ತು ಬರೀ ಕಣ್ಣಲ್ಲಿ ನೋಡಿದೀಯ?"

ಅದು ನಿಜವಾಗಿತ್ತು. ಮರುದಿನ ಟೈಲರಮ್ಮ ಅಂಗಡಿಯನ್ನು ನಾದಿನಿಗೆ ಒಪ್ಪಿಸಿ, ಹೊರಗೆ ಹೋಗುವ ಚಪ್ಪಲಿ ಮೆಟ್ಟಿ, ಪುಸ್ತಕದಂಗಡಿಗೆ ಹೊರಟರು.

ಪುಸ್ತಕದಂಗಡಿಯವರು ನಡುವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಗಾಜಿನ ಕಿಟಕಿಯ ಪಕ್ಕದ ಕಪಾಟಿನಿಂದ ಮೊದಲನೇ ಭಾಗವನ್ನು ತೆಗೆದುಕೊಟ್ಟರು. ಅದರ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿತ್ತು.

"ಇದನ್ನ ಬಿಚ್ಚಿ. ಪ್ಲಾಸ್ಟಿಕ್ಕಲ್ಲಿರೋದನ್ನ ನಾನು ಕೊಳ್ಳಲ್ಲ" ಎಂದರು ಟೈಲರಮ್ಮ.

ಅವರು ಬಿಚ್ಚಿದರು. ಟೈಲರಮ್ಮ ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು. ಬೆಳಕಿಗೆ ಹಿಡಿದರು. ಬೆನ್ನಿನ ಕಡೆಯ ಅಂಟನ್ನು ಎಳೆದು ನೋಡಿದರು.

"ಯಾವ ವಯಸ್ಸಿನ ಮಗುವಿಗಮ್ಮ?"

"ನನಗೇ. ಐವತ್ತೆರಡು."

"ಓದ್ತೀರಾ?"

"ಕೋಟು ಹೊಲಿಬೇಕು."

ಪುಸ್ತಕದಂಗಡಿಯವರು ತಲೆಯಾಡಿಸಿದರು. ಅವರ ಕಸುಬಿನಲ್ಲಿ ಗಿರಾಕಿಯ ಕಾರಣ ಕೇಳಬಾರದು. "ಒಂದು ವಿಷಯ. ಇದನ್ನ ಹಿಂದಿನ ಕಡೆಯಿಂದ ಓದ್ಬೇಕು. ಬಲದಿಂದ ಎಡಕ್ಕೆ. ಕೆಲವರಿಗೆ ಕಷ್ಟ ಆಗುತ್ತೆ."

"ನಾವು ಬಟ್ಟೇನ ಉಲ್ಟಾ ಇಟ್ಕೊಂಡೇ ಹೊಲಿಯೋದು. ಅದೇನು ಕಷ್ಟ?" ಎಂದು ಅವರು ಒಳಗಿನ ಪುಟ ತಿರುವಿದರು. "ಕೋಟು ಯಾವ ಬಣ್ಣ?"

"ಕಪ್ಪು."

"ಕಪ್ಪು ಶಾಯೀಲಿ ಬರೆದಿದಾರೆ ಅಂತ ಕಪ್ಪಾ? ಇಲ್ಲಿ ಆಕಾಶವೂ ಕಪ್ಪೇ ಇದೆ."

ಪುಸ್ತಕದಂಗಡಿಯವರು ಮುಖಪುಟ ತೋರಿಸಿದರು. ಅಲ್ಲಿ ಬಣ್ಣವಿತ್ತು. ಕೋಟು ಕಪ್ಪೇ ಆಗಿತ್ತು.

"ಸರಿ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ?"

ಅವರು ಗೋಡೆಯ ಮೇಲಿದ್ದ ಬೋರ್ಡು ತೋರಿಸಿದರು. ಮಾರಿದ ಪುಸ್ತಕವನ್ನು ಹಿಂತಿರುಗಿಸಿಕೊಳ್ಳುವುದಿಲ್ಲ.

"ನಾನೂ ಅದನ್ನೇ ಹಾಕ್ಕೊಂಡಿದೀನಿ" ಎಂದು ಟೈಲರಮ್ಮ ಮೆಚ್ಚಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು.

ಅವತ್ತು ಮಧ್ಯಾಹ್ನ ಕೆಳಗಿನಿಂದ ಕೇಳಿದ ಕೂಗು ನನಗೆ ಚೆನ್ನಾಗಿ ನೆನಪಿದೆ. ಜ್ವರವೆಂದು ರಜೆ ಹಾಕಿ ಮಲಗಿದ್ದೆ.

"ಭುಜ ಅರ್ಧ ಇಂಚು!"

"ಯಾರದು ಅತ್ತಿಗೆ, ಇಲೀದಾ?"

"ಕೋಟಿನ ಹುಡುಗಂದು! ಬರ್ಕೋ! ತೋಳು ಒಂದೂಕಾಲು!"

ಟೈಲರಮ್ಮ ಪುಸ್ತಕವನ್ನು ಇಸ್ತ್ರಿ ಮೇಜಿನ ಮೇಲೆ ಬಿಚ್ಚಿಟ್ಟು, ಮುಚ್ಚಿಕೊಳ್ಳದ ಹಾಗೆ ತಣ್ಣನೆಯ ಇಸ್ತ್ರಿ ಪೆಟ್ಟಿಗೆ ಹೇರಿ, ಚಿತ್ರದ ಹುಡುಗನ ಮೈಗೆ ಟೇಪು ಹಿಡಿದಿದ್ದರು. ತಲೆ ಇಷ್ಟಿದ್ದರೆ ಕೋಟು ಇಷ್ಟುದ್ದ, ಕಾಲರು ಕಿವಿಯವರೆಗೆ, ಗುಂಡಿ ಆರು. ಎರಡು ದಿನ ಅವರು ಪುಸ್ತಕವನ್ನು ಹೀಗೆ ಬಟ್ಟೆಯಾಗಿಯೇ ನೋಡಿದರು. ಮೂರನೆಯ ದಿನ ಒಂದು ಪುಟದಲ್ಲಿ ಗುಂಡಿ ಐದೇ ಇದ್ದವು.

"ಲೇ, ಇಲ್ಲೊಂದು ಗುಂಡಿ ಇಲ್ಲ. ಬರೆಯೋನು ಮರೆತನಾ?"

"ಓದಿದ್ರೆ ತಾನೇ ಗೊತ್ತಾಗೋದು" ಎಂದು ನಾದಿನಿ ಕಾಜಾ ಕೆಲಸ ಬದಿಗಿಟ್ಟು ಪುಸ್ತಕ ಕೈಗೆತ್ತಿಕೊಂಡರು. ಟೈಲರಮ್ಮ ಯಂತ್ರ ತುಳಿಯುವುದು, ನಾದಿನಿ ಗಟ್ಟಿಯಾಗಿ ಓದುವುದು ಎಂದಾಯಿತು. ಮಾತು ಕಡಿಮೆ, ಧಡಾರ್ ಭಡಾರ್ ಹೆಚ್ಚು. ನಾದಿನಿ ಒಂದನ್ನೂ ಬಿಡದೆ ಓದಿದರು.

ಕಥೆ ಇಷ್ಟು. ಒಂದು ಹಳೆಯ ಊರು, ಊರಿಗೆ ಒಂದೇ ಸೇತುವೆ. ಆಚೆ ದಡದಲ್ಲಿ ಯಾವಾಗಲೂ ಮಂಜು. ಆ ಮಂಜಿನೊಳಗಿಂದ ವಿಚಿತ್ರ ಜೀವಿಗಳು ಊರಿಗೆ ನುಗ್ಗಲು ಬರುತ್ತವೆ. ಉದ್ದ ಕೋಟಿನ ಒಬ್ಬ ಹುಡುಗ ಸೇತುವೆಯ ಈಚೆ ತುದಿಯಲ್ಲಿ ನಿಂತು ತಡೆಯುತ್ತಾನೆ. ಕಲ್ಲಿನ ತಲೆಯವನೊಬ್ಬನ ಜೊತೆ ಹೊಡೆದಾಡುವಾಗ ಮೂರನೆಯ ಗುಂಡಿ ಕಿತ್ತು ನದಿಗೆ ಬೀಳುತ್ತದೆ. ಗುಂಡಿ ಬೀಳುವುದಕ್ಕೇ ಒಂದು ಪೂರ್ತಿ ಪುಟ.

ಟೈಲರಮ್ಮ ಯಂತ್ರ ನಿಲ್ಲಿಸಿದರು. "ಗುಂಡಿ ಬಿತ್ತಾ?"

"ಅವನ ಕೈಯಿಂದ ರಕ್ತ ಸೋರ್ತಾ ಇದೆ ಅತ್ತಿಗೆ."

"ರಕ್ತ ತಾನೇ ನಿಲ್ಲುತ್ತೆ. ಗುಂಡಿ ತಾನೇ ಬರಲ್ಲ. ಮುಂದೆ ಓದು, ಯಾರು ಹಾಕ್ಕೊಡ್ತಾರೆ ನೋಡೋಣ."

ಯಾರೂ ಹಾಕಿಕೊಡಲಿಲ್ಲ. ಮುಂದಿನ ಅಧ್ಯಾಯದಲ್ಲಿ ಒಬ್ಬ ಮುದುಕಿ ಹುಡುಗನನ್ನು ಗುಡಿಸಲಿಗೆ ಕರೆದು ಉಣ್ಣಲು ಇಡುತ್ತಾಳೆ. ಟೈಲರಮ್ಮನವರಿಗೆ ಆಸೆ ಹುಟ್ಟಿತು. ಮುದುಕಿ ಎರಡು ಸಲ ಬಡಿಸಿದಳು, ಬೆಂಕಿ ಕೆದಕಿದಳು, ಹಾಸಿಗೆ ಹಾಸಿದಳು.

"ಎದುರಿಗೇ ಕೂತಿದಾನೆ, ಎದೆ ಮೇಲೆ ದಾರ ನೇತಾಡ್ತಾ ಇದೆ, ಅವಳ ಕಣ್ಣಿಗೆ ಬೀಳ್ಲಿಲ್ವಾ? ಎಂಥ ಹೆಂಗಸು!"

"ಅವಳಿಗೆ ಕಣ್ಣು ಕಾಣಲ್ಲ ಅತ್ತಿಗೆ. ಇಲ್ಲಿ ಬರೆದಿದೆ."

"ಹಾಗಿದ್ರೆ ಸರಿ."

ಜಿಪ್ಪಿಗೆ ಬಂದಿದ್ದ ಒಬ್ಬರು ಬಾಗಿಲಲ್ಲಿ ನಿಂತು ಆ ಅಧ್ಯಾಯವನ್ನು ಪೂರ್ತಿ ಕೇಳಿ, ಜಿಪ್ಪು ಮರೆತು ಹೋದರು. ಕೊನೆಯ ಪುಟದಲ್ಲಿ ಮಂಜಿನೊಳಗಿಂದ ಹೊಸಬನೊಬ್ಬ ನಡೆದು ಬರುತ್ತಾನೆ. ಅವನ ಮುಖ ಈ ಹುಡುಗನ ಮುಖದಂತೆಯೇ ಇರುತ್ತದೆ. ಅಲ್ಲಿಗೆ ಮೊದಲನೇ ಭಾಗ ಮುಗಿಯಿತು.

"ಗುಂಡಿ?"

"ಮುಗೀತು ಅತ್ತಿಗೆ. ಇಷ್ಟೇ ಇರೋದು."

ಟೈಲರಮ್ಮ ಪುಸ್ತಕ ಇಸಿದುಕೊಂಡು ತಾವೇ ತಿರುವಿ ನೋಡಿದರು. ಆಗ ಅವರಿಗೆ ಇನ್ನೊಂದು ತೊಡಕು ಕಾಣಿಸಿತು. ಇಡೀ ಪುಸ್ತಕದಲ್ಲಿ ಆ ಕೋಟಿನ ಬೆನ್ನಿನ ಒಂದು ಚಿತ್ರವೂ ಇರಲಿಲ್ಲ. ಹುಡುಗ ಯಾವಾಗಲೂ ಮಂಜಿನ ಕಡೆಗೇ ಮುಖ ಮಾಡಿರುತ್ತಾನೆ, ಓದುವವರು ಮಂಜಿನ ಕಡೆಯಿಂದಲೇ ಅವನನ್ನು ನೋಡಬೇಕು. ಅವರು ನನ್ನನ್ನು ಕೂಗಿ ಕರೆದರು. ನಾನು ಫೋನಿನಲ್ಲಿ ಹುಡುಕಿ ಹೇಳಿದೆ. ಓದುಗರಲ್ಲಿ ಅದೇ ದೊಡ್ಡ ಚರ್ಚೆಯಾಗಿತ್ತು. ಬೆನ್ನಿನ ಮೇಲೆ ಒಂದು ಕಣ್ಣಿದೆ ಎಂದು ಕೆಲವರು, ಮಡಚಿದ ರೆಕ್ಕೆಯಿದೆ ಎಂದು ಕೆಲವರು, ಶಾಪ ಬರೆದಿದೆ ಎಂದು ಇನ್ನು ಕೆಲವರು.

"ಅದೆಲ್ಲ ಏನೂ ಇಲ್ಲ. ಬಟ್ಟೆ ಸಾಲ್ದೆ ಬಂದಿರುತ್ತೆ" ಎಂದರು ಟೈಲರಮ್ಮ.

"ಅಂದರೆ?"

"ಮುಂಭಾಗ, ತೋಳು, ಕಾಲರು ಕತ್ತರಿಸೋ ಹೊತ್ತಿಗೆ ಬಟ್ಟೆ ಮುಗಿದಿರುತ್ತೆ. ಹಿಂದೆ ಯಾವುದೋ ಹಾಕಿ ಹೊಲಿದಿರ್ತಾರೆ. ಅದಕ್ಕೇ ಆ ಹುಡುಗ ತಿರುಗ್ತಾ ಇಲ್ಲ. ಪಾಪ, ನಾಚ್ಕೆ."

ಇನ್ನು ಅಳತೆ. ಅದಕ್ಕೆ ಅವರು ಮಹಡಿಗೆ ಹೋಗಿ, ತಂತಿಯ ಮೇಲೆ ಒಣಗುತ್ತಿದ್ದ ಮಗಳ ಅಂಗಿಗೆ ಟೇಪು ಹಿಡಿದರು. ರೆಡಿಮೇಡು ದೊಗಲೆಯಾಗಿರುತ್ತದೆ ಎಂದು ಎರಡಿಂಚು ಕಳೆದರು. ಕಳೆಯಬೇಕಾಗಿದ್ದುದು ಅದಕ್ಕಿಂತ ಬಹಳ ಹೆಚ್ಚು. ನಾಲ್ಕು ವರ್ಷದಿಂದ ಅವರು ಮಗಳನ್ನು ಆ ದೊಡ್ಡ ಅಂಗಿಗಳ ಒಳಗೇ ನೋಡಿದ್ದರು. ಅವುಗಳೊಳಗೆ ಮಗಳು ಎಷ್ಟಿದ್ದಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಯಾರೋ ವಕೀಲರು ಕೋಟಿಗೆಂದು ಕೊಟ್ಟು ಮತ್ತೆ ಬಾರದೆ ಹೋದ ಕಪ್ಪು ಬಟ್ಟೆ ಕಪಾಟಿನಲ್ಲಿತ್ತು. ಅದನ್ನು ಹರಡಿ, ಸೀಮೆಸುಣ್ಣದ ಗೆರೆ ಎಳೆದು, ಮುಂಭಾಗ ಎರಡು, ತೋಳು ಎರಡು, ಕಾಲರು ಕತ್ತರಿಸಿದರು. ಉಳಿದದ್ದನ್ನು ನಾದಿನಿ ಎತ್ತಿ ಹಿಡಿದರು.

"ಇದ್ರಲ್ಲಿ ಬೆಕ್ಕಿಗೆ ಬೆನ್ನಾಗುತ್ತೆ ಅತ್ತಿಗೆ."

"ನಾನು ಹೇಳಿರ್ಲಿಲ್ವಾ?" ಎಂದರು ಟೈಲರಮ್ಮ, ಸೋತವರಂತೆ ಅಲ್ಲ, ಗೆದ್ದವರಂತೆ.

ಬೇರೆ ಕಪ್ಪು ಬಟ್ಟೆ ತಂದು ಜೋಡಿಸಬಹುದಿತ್ತು. ಅವರು ಒಪ್ಪಲಿಲ್ಲ. "ಕಪ್ಪಲ್ಲಿ ನೂರು ಕಪ್ಪಿದೆ. ಕಪ್ಪಿಗೆ ಇನ್ನೊಂದು ಕಪ್ಪು ಹಾಕಿದ್ರೆ ಸುಳ್ಳು ಹೇಳ್ದಂಗೆ ಕಾಣುತ್ತೆ. ಬೇರೆ ಅಂದ್ಮೇಲೆ ಪೂರ್ತಿ ಬೇರೆ ಇರ್ಬೇಕು." ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಹೊಲಿದಾಗ ಉಳಿದ ದಪ್ಪ ಬಟ್ಟೆಯಿತ್ತು. ಹಸಿರು ನೆಲ, ಅದರ ಮೇಲೆ ಅಂಗೈಯಗಲದ ಹಳದಿ ಎಲೆಗಳು. ಬೆನ್ನು ಎರಡು ತುಂಡಾಗಿತ್ತು. ನಡುವಿನ ಹೊಲಿಗೆಯಲ್ಲಿ ಎಲೆಗೆ ಎಲೆ ಕೂಡುವಂತೆ ಜೋಡಿಸಲು ಒಂದು ಇಡೀ ಬೆಳಗ್ಗೆ ಹಿಡಿಯಿತು.

ಕೊನೆಗೆ ಗುಂಡಿಗಳು. ಆರೂ ಗುಂಡಿ ಹಾಕಿದರು. ಆಮೇಲೆ ಮೂರನೆಯದನ್ನು ಕೀಳಬೇಕಾಗಿತ್ತು. ಕತ್ತರಿಯಿಂದ ಕತ್ತರಿಸಿದರೆ ದಾರದ ತುದಿ ನೀಟಾಗುತ್ತದೆ, ಪುಸ್ತಕದಲ್ಲಿದ್ದಂತೆ ಸಿಕ್ಕುಸಿಕ್ಕಾಗುವುದಿಲ್ಲ. ಆದ್ದರಿಂದ ಎಳೆದರು. ಗುಂಡಿ ಬರಲಿಲ್ಲ. ನಾದಿನಿ ಕೋಟನ್ನು ಹಿಡಿದುಕೊಂಡರು, ಟೈಲರಮ್ಮ ಕಾಲು ಕೊಟ್ಟು ಎಳೆದರು. ಆಗಲೂ ಬರಲಿಲ್ಲ.

"ಯಾರು ಹೊಲಿದಿದ್ದು ಇದನ್ನ!" ಎಂದು ನಾದಿನಿ ಬೈದರು.

ನನ್ನ ಕೋಣೆಯಿಂದ ಇಕ್ಕಳ ತರಿಸಿಕೊಂಡರು. ಗುಂಡಿ ಹೊರಬಂದಾಗ ಟೈಲರಮ್ಮ ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ಅಷ್ಟರಲ್ಲಿ ಆನ್‌ಲೈನ್ ಕೋಟೂ ಬಂದಿತ್ತು. ಮಗಳು ಕಾಲೇಜಿನಿಂದ ಬಂದವಳೇ ಅದನ್ನು ತೊಟ್ಟು ಅಂಗಡಿಯ ಕನ್ನಡಿಯ ಮುಂದೆ ನಿಂತಳು. ಚೆನ್ನಾಗಿಯೇ ಕೂತಿತ್ತು. ಟೈಲರಮ್ಮ ಒಳಗಿನಿಂದ ತಮ್ಮ ಕೋಟನ್ನು ತಂದು ಕನ್ನಡಿಯ ಪಕ್ಕದ ಮೊಳೆಗೆ ತೂಗುಹಾಕಿದರು, ಮುಂಭಾಗ ಕಾಣುವಂತೆ. ಯಂತ್ರದ ಮುಂದೆ ಹೋಗಿ ಕೂತು, ಬಟ್ಟೆಯೇ ಇಲ್ಲದ ಯಂತ್ರವನ್ನು ತುಳಿಯತೊಡಗಿದರು.

ಮಗಳು ಕೋಟು ನೋಡಿದಳು. ಮತ್ತೆ ಹತ್ತಿರ ಹೋಗಿ, ಎದೆಯ ಮೇಲೆ ನೇತಾಡುತ್ತಿದ್ದ ದಾರವನ್ನು ಬೆರಳಿಂದ ಮುಟ್ಟಿದಳು.

"ಮೂರನೇ ಗುಂಡಿ."

"ಆ ಕಲ್ಲುತಲೆಯವನ ಜೊತೆ ಹೊಡೆದಾಡಿದಾಗ ಬಿತ್ತಲ್ಲ."

"ನೀನು ಓದಿದ್ಯಾ?"

"ಓದ್ದೆ ಹೊಲಿಯಕ್ಕಾಗುತ್ತಾ?"

ಮಗಳ ಕಣ್ಣು ಕಿರಿದಾಯಿತು. "ಯಾರ ಪುಸ್ತಕ?"

"ನಂದೇ. ಕೊಂಡ್ಕೊಂಡೆ. ನಿಂದು ಮುಟ್ಟಿಲ್ಲ ಮಾರಾಯ್ತಿ."

"ಎಲ್ಲೀವರೆಗೆ ಓದಿದೆ?"

"ಅವನ ಮುಖದವನೇ ಬಂದ್ನಲ್ಲ, ಅಲ್ಲೀವರೆಗೆ. ಆ ಅಜ್ಜಿಗೆ ಕಣ್ಣು ಕಾಣ್ತಿದ್ದಿದ್ರೆ..."

"ಗುಂಡಿ ಹಾಕ್ಕೊಡ್ತಿದ್ಲು."

"ಹ್ಞೂಂ. ಖಂಡಿತ ಹಾಕ್ತಿದ್ಲು."

ಮಗಳು ತೊಟ್ಟಿದ್ದ ಕೋಟಿನ ಗುಂಡಿಗಳನ್ನು ನೋಡಿಕೊಂಡಳು. ಆರೂ ಇದ್ದವು. ಅದನ್ನು ಬಿಚ್ಚಿಟ್ಟು ತಾಯಿಯ ಕೋಟು ತೊಟ್ಟಳು. ತೋಳು ಬೆರಳುಗಳನ್ನು ನುಂಗಿತು, ಭುಜ ಮೊಣಕೈಯ ಕಡೆಗೆ ಇಳಿಯಿತು. ಅವಳು ತಿರುಗಿ, ಕತ್ತು ಹೊರಳಿಸಿ ಕನ್ನಡಿಯಲ್ಲಿ ಬೆನ್ನು ನೋಡಿದಳು.

"ಅಮ್ಮ, ಇದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಪರದೆ."

"ಅದರಲ್ಲಿ ಉಳಿದಿದ್ದು."

"ಇದನ್ನೇ ನೋಡ್ತಾ ನಾನು ಹಲ್ಲು ಕೀಳಿಸ್ಕೊಂಡಿದೀನಿ."

"ಅವನ ಬೆನ್ನು ನೀನು ನೋಡಿದೀಯಾ? ಇಲ್ಲ ತಾನೇ? ಮತ್ತೆ?" ಎಂದರು ನಾದಿನಿ ಮೂಲೆಯಿಂದ.

ಮಗಳು ಬಿಚ್ಚಿಟ್ಟ ಕೋಟನ್ನು ಒಮ್ಮೆ, ಕನ್ನಡಿಯನ್ನು ಒಮ್ಮೆ ನೋಡಿದಳು. ಟೈಲರಮ್ಮ ಬರಿ ಯಂತ್ರವನ್ನು ತುಳಿಯುತ್ತಲೇ ಇದ್ದರು.

"ತೋಳು ಚಿಕ್ಕದು ಮಾಡ್ಬೇಕು. ಭುಜಾನೂ" ಎಂದಳು ಮಗಳು.

ಯಂತ್ರ ನಿಂತಿತು. ಟೈಲರಮ್ಮ ಕೊರಳಲ್ಲಿದ್ದ ಟೇಪನ್ನು ಹಿಡಿದರು, ಆದರೆ ತೆಗೆಯಲಿಲ್ಲ.

"ತಗೋ ಅಳತೆ. ಕೂಗ್ಬೇಡ ಅಷ್ಟೆ."

"ಏನ್ನ?"

"ಅಳತೆನ. ಕೂಗ್ಬೇಡ."

ಟೈಲರಮ್ಮ ಮಗಳ ಮುಖ ನೋಡಿದರು, ನಾದಿನಿಯ ಮುಖ ನೋಡಿದರು. ನಾದಿನಿ ಸ್ಲೇಟನ್ನು ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟರು. ಟೈಲರಮ್ಮ ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡರು. ಬಾಯಿ ತೆರೆಯುವ ಹಾಗೇ ಇರಲಿಲ್ಲ. ಭುಜ, ತೋಳು, ಎದೆ, ಸೊಂಟ, ಎಲ್ಲಕ್ಕೂ ಟೇಪು ಹಿಡಿದು, ಹೆಬ್ಬೆರಳಿನಿಂದ ಅಂಕಿ ಒತ್ತಿ ನೋಡಿ, ಮುಂದಕ್ಕೆ ಹೋದರು. ಬೇಕಾದ್ದಕ್ಕಿಂತ ಸ್ವಲ್ಪ ನಿಧಾನವಾಗಿಯೇ ಅಳೆದರು ಎಂದು ನಾದಿನಿ ಹೇಳುತ್ತಾರೆ. ಮೇಲಿನ ಕೋಣೆಯಲ್ಲಿದ್ದ ನನಗೆ ಆ ಸಂಜೆ ಏನೂ ಕೇಳಿಸಲಿಲ್ಲ. ಅಂಗಡಿ ಮುಚ್ಚಿದೆ ಎಂದುಕೊಂಡೆ.

ಮಗಳು ಹೋದ ಮೇಲೆ ಟೈಲರಮ್ಮ ನಾದಿನಿಯನ್ನು ಕೇಳಿದರು. ನಾದಿನಿ ಎಲ್ಲವನ್ನೂ ಹೇಳಿದರು, ಆ ಮೂವರು ಹುಡುಗರು, ಆ ಅಂಕಿ, ಆ ಹೆಸರು. ಟೈಲರಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

"ಎರಡು ಸಲ ಕೂಗಿದೆ ನಾನು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಫ್ಯಾನು ರಿಪೇರಿ ಮಾಡಿಸ್ಬೇಕು" ಎಂದರು.

ಎರಡನೇ ಭಾಗ ಬರುವ ಶನಿವಾರ ಅಂಗಡಿಗೆ ಮಧ್ಯಾಹ್ನವೇ ಬೀಗ ಬಿತ್ತು. ಮಗಳು ಮೊದಲೇ ಹೋಗಿದ್ದಳು. ಟೈಲರಮ್ಮ ತಾವು ಮಗಳನ್ನು ನೋಡಲು ಹೋಗುತ್ತಿಲ್ಲ, ಗುಂಡಿಯ ವಿಷಯ ಏನಾಯಿತೆಂದು ತಿಳಿಯಲು ಪುಸ್ತಕ ಕೊಳ್ಳಬೇಕಾಗಿದೆ ಎಂದು ನಮಗೆ ಸ್ಪಷ್ಟವಾಗಿ ಹೇಳಿದ್ದರು. ನಾದಿನಿ ಜೊತೆಗೆ ಹೊರಟರು. ನನಗೂ ರಜೆ, ನಾನೂ ಹೋದೆ.

ಪುಸ್ತಕದಂಗಡಿಯಲ್ಲಿ ಕಪ್ಪು ಕೋಟಿನವರು ಹತ್ತು ಹನ್ನೆರಡು ಮಂದಿ ಸೇರಿದ್ದರು. ಮಗಳದೊಂದು ಬಿಟ್ಟು ಎಲ್ಲವೂ ಒಂದೇ ಕಡೆಯಿಂದ ತರಿಸಿದ ಕೋಟುಗಳು. ಬೆನ್ನಿನ ಮೇಲೆ ಮಾತ್ರ ಅವರವರ ನಂಬಿಕೆಯಂತೆ ಒಬ್ಬನು ಕಣ್ಣು ಬರೆದಿದ್ದ, ಒಬ್ಬಳು ರೆಕ್ಕೆ ಅಂಟಿಸಿದ್ದಳು. ಟೈಲರಮ್ಮನವರ ಮಗಳು ಅಡುಗೆ ಪುಸ್ತಕಗಳ ಕಪಾಟಿಗೆ ಬೆನ್ನು ಒತ್ತಿ ನಿಂತಿದ್ದಳು. ಎಲ್ಲಿಗಾದರೂ ಹೋಗಬೇಕೆಂದರೆ ಏಡಿಯಂತೆ ಗೋಡೆ ಹಿಡಿದು ಅಡ್ಡಡ್ಡ ಹೋಗುತ್ತಿದ್ದಳು.

"ಇವಳು ನೋಡ್ರೋ, ಪಕ್ಕಾ ಅವನೇ! ಬೆನ್ನೇ ತೋರಿಸ್ತಾ ಇಲ್ಲ" ಎಂದು ಒಬ್ಬ ಮೆಚ್ಚಿದ. "ಗುಂಡಿ ದಾರ ನೋಡು!" ಎಂದಳು ಇನ್ನೊಬ್ಬಳು. ಮಗಳು ಗಂಭೀರವಾಗಿ ತಲೆಯಾಡಿಸಿದಳು. ಅದು ನಟನೆಯೋ ನಾಚಿಕೆಯೋ ದೂರದಿಂದ ನೋಡುವವರಿಗೆ ತಿಳಿಯುವಂತಿರಲಿಲ್ಲ. ಬಾಗಿಲ ಬಳಿ ನಿಂತ ಟೈಲರಮ್ಮ ಅದನ್ನೇ ತಿಳಿಯಲು ನೋಡುತ್ತಿದ್ದರು.

ಪುಸ್ತಕದಂಗಡಿಯವರು ಪೆಟ್ಟಿಗೆ ಒಡೆದು ಎರಡನೇ ಭಾಗವನ್ನು ಹಂಚಿದರು. ಎಲ್ಲರೂ ನಿಂತಲ್ಲೇ ಪುಟ ಹಾರಿಸಿದರು. ನಡುವಿನಲ್ಲಿ, ಎರಡು ಪುಟ ಸೇರಿಸಿ ಬರೆದ ಒಂದೇ ದೊಡ್ಡ ಚಿತ್ರ ಸಿಕ್ಕಿತು. ಹುಡುಗ ಸೇತುವೆ ಬಿಟ್ಟು ಊರ ಕಡೆಗೆ ತಿರುಗಿದ್ದಾನೆ. ಬೆನ್ನು ಕಾಣುತ್ತಿದೆ. ಕಣ್ಣಿಲ್ಲ, ರೆಕ್ಕೆಯಿಲ್ಲ, ಶಾಪವಿಲ್ಲ. ಬರೀ ಕಪ್ಪು. ನಡುವೆ ಒಂದು ಹೊಲಿಗೆಯ ಗೆರೆ.

"ಅಷ್ಟೇನಾ?" ಎಂದ ಕಣ್ಣು ಬರೆಸಿಕೊಂಡು ಬಂದವನು.

ಎಲ್ಲರೂ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿಕೊಂಡರು. ಆಮೇಲೆ ಯಾರಿಗೋ ನೆನಪಾಯಿತು. "ಏ, ನಿಂದು ತೋರ್ಸು! ನೀನೊಬ್ಬಳೇ ತೋರಿಸಿಲ್ಲ."

ಮಗಳು ಕಪಾಟಿಗೆ ಇನ್ನೂ ಒತ್ತಿಕೊಂಡಳು. ಆಗ ಅವಳ ಕಣ್ಣಿಗೆ ಬಾಗಿಲಲ್ಲಿದ್ದ ತಾಯಿ ಬಿದ್ದರು. ಟೈಲರಮ್ಮ ಮೆಲ್ಲಗೆ ತಲೆಯನ್ನು ಅಡ್ಡಡ್ಡ ಆಡಿಸಿದರು, ತಿರುಗಬೇಡ ಎಂಬಂತೆ.

ಮಗಳು ತಿರುಗಿದಳು.

ಹಸಿರು ನೆಲ, ಅಂಗೈಯಗಲದ ಹಳದಿ ಎಲೆಗಳು. ಎಲ್ಲರೂ ಕತ್ತು ಚಾಚಿ ನೋಡಿದರು.

"ಇದು ಪರದೆ ಅಲ್ವಾ?" ಎಂದು ಒಂದು ದನಿ ಕೇಳಿತು.

"ಹೌದು!" ಎಂದಳು ಮಗಳು, ಅಡುಗೆ ಪುಸ್ತಕಗಳ ಕಡೆ ಮುಖ ಮಾಡಿಕೊಂಡೇ. ಆ ಚಿಕ್ಕ ಅಂಗಡಿಗೆ ಅಷ್ಟು ಗಟ್ಟಿ ದನಿ ಬೇಕಾಗಿರಲಿಲ್ಲ. ಅಲ್ಲಿ ಗಡಗಡ ಎನ್ನುವ ಫ್ಯಾನೂ ಇರಲಿಲ್ಲ. "ನಮ್ಮಮ್ಮ ಹೊಲಿದಿದ್ದು! ಬಟ್ಟೆ ಸಾಲ್ಲಿಲ್ಲ!"

ಇಬ್ಬರು ಮೂವರು ನಕ್ಕರು. ಮಗಳೂ ನಕ್ಕಳು. ರೆಕ್ಕೆ ಅಂಟಿಸಿಕೊಂಡಿದ್ದವಳು ಹತ್ತಿರ ಬಂದು ಬೆನ್ನಿನ ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಎಲೆಗೆ ಎಲೆ ಸೇರಿಸಿದಾರೆ ನೋಡ್ರೇ" ಎಂದಳು. ಅವಳ ರೆಕ್ಕೆ ಆಗಲೇ ಒಂದು ಕಡೆ ಬಿಟ್ಟುಕೊಂಡಿತ್ತು. ಟೈಲರಮ್ಮ ಅದನ್ನು ನೋಡಿ ಚೀಲದಲ್ಲಿ ಸೂಜಿ ಹುಡುಕತೊಡಗಿದರು. ನಾದಿನಿ ಅವರ ಕೈ ಹಿಡಿದು ನಿಲ್ಲಿಸಿದರು.

ಎರಡನೇ ಭಾಗವನ್ನು ಅಂಗಡಿಯಲ್ಲಿ ಓದಿ ಮುಗಿಸಿದ ಮೇಲೆ ಟೈಲರಮ್ಮ ಆ ದೊಡ್ಡ ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದರು.

"ನೀವು ಹೇಳಿದ್ದು ತಪ್ಪಾಯ್ತಲ್ಲ ಅತ್ತಿಗೆ" ಎಂದರು ನಾದಿನಿ.

"ಅವನಿಗೆ ಬಟ್ಟೆ ಸಾಕಾಗಿದೆ, ಅಷ್ಟೆ" ಎಂದರು ಟೈಲರಮ್ಮ. ಅವರಿಗೆ ಬೇಸರವಾದದ್ದು ಬೇರೆ ವಿಷಯಕ್ಕೆ. ಎರಡನೇ ಭಾಗದಲ್ಲೂ ಯಾರೂ ಗುಂಡಿ ಹಾಕಿಕೊಡಲಿಲ್ಲ.

ಮಗಳ ಕೋಟು ಈಗ ಅಂಗಡಿಯ ಮೊಳೆಯ ಮೇಲೆಯೇ ಇದೆ. ಅಲ್ಲಿರುವ ಬಟ್ಟೆಗಳಲ್ಲಿ ಒಂದು ಗುಂಡಿ ಕಡಿಮೆ ಇರುವುದು ಅದೊಂದೇ. ಅದನ್ನು ನೋಡಿದಾಗಲೆಲ್ಲ ಟೈಲರಮ್ಮನವರ ಕೈ ಸೂಜಿದಾರದ ಕಡೆಗೆ ಹೋಗುತ್ತದೆ. "ಅಮ್ಮ, ಬೇಡ. ಅವನಿಗೆ ಯಾರಾದ್ರೂ ಹಾಕ್ಲಿ, ಆಮೇಲೆ ನೀನು ಹಾಕು" ಎನ್ನುತ್ತಾಳೆ ಮಗಳು, ಹೊಸ ಅಂಗಿಯ ಅಳತೆಗೆ ಕೈ ಎತ್ತಿ ನಿಂತುಕೊಂಡು. ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಇರುವುದರಿಂದ ಏನೂ ಹೇಳುವುದಿಲ್ಲ.

ಫ್ಯಾನು ರಿಪೇರಿಯಾಗಿದೆ. ಈಗ ಪ್ರತಿಯೊಬ್ಬ ಗಿರಾಕಿಯನ್ನೂ ಟೇಪು ಹಿಡಿಯುವ ಮೊದಲು ಟೈಲರಮ್ಮ "ಕೂಗ್ಲಾ, ಬೇಡ್ವಾ?" ಎಂದು ಕೇಳುತ್ತಾರೆ. ಕೆಲವರು ಕೂಗಿ ಎನ್ನುತ್ತಾರೆ. ಎದುರು ಮನೆಯ ಬ್ಯಾಂಕಿನವರು ಬೇಡ ಎಂದರು. ಅವರ ಹೊಟ್ಟೆ ಈಗ ಎಷ್ಟಾಗಿದೆಯೋ ನನಗೆ ತಿಳಿಯದು.